ಬೆಳೆಸುವಾತನು ದೇವರು: ಜಾನ್ ನ್ಯೂಟನ್ ಅಯ್ಯನವರ ಚರಿತ್ರೆ

ಮುಂಗಾರು ಮಳೆ ಬಿದ್ದ ಮೇಲೆ ನಾವು ಹೊಲವನ್ನು ಉತ್ತು, ಹರಗಿ, ಬಿತ್ತನೆ ಮುಗಿಸಿ ಮನೆಗೆ ಬರುತ್ತೇವೆ. ರಾತ್ರಿ ಮಲಗುತ್ತೇವೆ, ಬೆಳಿಗ್ಗೆ ಏಳುತ್ತೇವೆ. ಕೆಲವು ದಿವಸಗಳಾದ ಮೇಲೆ ಹೋಗಿ ನೋಡಿದರೆ ಸಾಲು ಸಾಲಾಗಿ ಹಸುರು ಕಾಣುತ್ತದೆ. ಮಣ್ಣಿನೊಳಗೆ ಬೀಜವು ಒಡೆದದ್ದು ಹೇಗೆ, ಬೇರು ಇಳಿದದ್ದು ಯಾವ ಗಳಿಗೆಯಲ್ಲಿ ಎಂಬದನ್ನು ನಮ್ಮಲ್ಲಿ ಯಾವನೂ ಹೇಳಲಾರನು. ಬೇಗ ಬೆಳೆಯಲಿ ಎಂದು ಪೈರಿನ ಗರಿಯನ್ನು ಹಿಡಿದು ಮೇಲಕ್ಕೆ ಎಳೆಯುವ ಬೇಸಾಯಗಾರನು ಎಲ್ಲಿಯೂ ಇಲ್ಲ. ಎಳೆದರೆ ಬೇರೇ ಕಿತ್ತುಬರುವದು. ನಮ್ಮ ಕರ್ತನು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಈ ಸಂಗತಿಯನ್ನೇ ಸಾಮ್ಯವಾಗಿ ಹೇಳಿ, ದೇವರ ರಾಜ್ಯವು ಗರಿಯಿಂದ ತೆನೆಗೂ ತೆನೆಯಿಂದ ಕಾಳಿಗೂ ತಾನಾಗಿ ಬೆಳೆಯುವದೆಂದು ಕಲಿಸಿದನು.

ಆದರೆ ಹೊಲದ ವಿಷಯದಲ್ಲಿ ನಮಗಿರುವ ತಾಳ್ಮೆಯು ಆತ್ಮದ ವಿಷಯದಲ್ಲಿ ನಮಗಿರುವದಿಲ್ಲ. ನಾವು ಮನೆಮನೆಗೆ ಹೋಗಿ ಸಭೆಯವರನ್ನು ಸಂಧಿಸುವಾಗ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುತ್ತವೆ. ಒಬ್ಬನು, ದೀಕ್ಷಾಸ್ನಾನ ಹೊಂದಿ ಹತ್ತು ವರುಷಗಳಾದರೂ ತನ್ನ ಕೋಪವು ಅಡಗಲಿಲ್ಲ, ಹಳೆಯ ಆಶೆಗಳು ಸಾಯಲಿಲ್ಲ, ಆದಕಾರಣ ತನ್ನಲ್ಲಿ ದೇವರ ಕೆಲಸವು ಆರಂಭವೇ ಆಗಲಿಲ್ಲವೇನೋ ಎಂದು ಕಣ್ಣೀರಿಡುತ್ತಾನೆ. ಇನ್ನೊಬ್ಬನು ನೆರೆಮನೆಯವನ ಕಡೆಗೆ ಬೆರಳು ತೋರಿಸಿ, ಅವನು ಹೆಸರಿಗೆ ಮಾತ್ರ ಕ್ರೈಸ್ತನೆಂದೂ ಅವನಲ್ಲಿ ಬದಲಾವಣೆ ಏನೂ ಇಲ್ಲವೆಂದೂ ತೀರ್ಪು ಕೊಡುತ್ತಾನೆ. ಉಪದೇಶಿಗಳಾದ ನಾವೂ ಈ ಎರಡನೆಯ ತಪ್ಪಿಗೆ ಹೊರಗಾದವರಲ್ಲ. ಹೊಸದಾಗಿ ಬಂದವರು ಒಂದೇ ವರುಷದಲ್ಲಿ ಮಾಗಿದ ತೆನೆಯಾಗಬೇಕೆಂದು ಅವಸರಪಟ್ಟು, ಗದರಿಸಿ, ಎಳೆಯ ಪೈರನ್ನು ತುಳಿದದ್ದುಂಟೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಈ ಇಬ್ಬರಿಗೂ ನಮಗೂ ಪಾಠವಾಗುವಂತೆ ಇಂಗ್ಲೆಂಡು ದೇಶದ ಒಬ್ಬ ನಾವಿಕನ ಚರಿತ್ರೆಯನ್ನು ಈ ಸಾರಿ ಹೇಳುತ್ತೇವೆ.

ಜಾನ್ ನ್ಯೂಟನನು ೧೭೨೫ನೇ ಇಸವಿಯ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದೊಳಗೆ, ಥೇಮ್ಸ್ ನದಿಯ ತೀರದಲ್ಲಿರುವ ವಾಪಿಂಗ್ ಎಂಬ ಸ್ಥಳದಲ್ಲಿ ಹುಟ್ಟಿದನು. ಅವನ ತಂದೆಯು ಮೆಡಿಟರೇನಿಯನ್ ಸಮುದ್ರದ ಕಡೆಗೆ ವ್ಯಾಪಾರಕ್ಕೆ ಹೋಗುವ ಹಡಗಿನ ಯಜಮಾನನಾಗಿದ್ದುದರಿಂದ ಮನೆಯಲ್ಲಿ ಇರುವದು ಅಪರೂಪವಾಗಿತ್ತು. ತಾಯಿಯಾದ ಎಲಿಜಬೆತಳು ದೇಹದಲ್ಲಿ ಬಲಹೀನಳು, ಭಕ್ತಿಯಲ್ಲಿ ದೃಢವುಳ್ಳವಳು. ಅವಳು ತನ್ನ ಒಬ್ಬನೇ ಮಗನಿಗೆ ನಾಲ್ಕು ವರುಷ ತುಂಬುವಷ್ಟರಲ್ಲಿ ಓದುವದನ್ನು ಕಲಿಸಿ, ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರಗಳನ್ನೂ ಐಸಾಕ್ ವಾಟ್ಸ್ ಎಂಬ ಭಕ್ತನ ಗೀತಗಳನ್ನೂ ಬಾಯಿಪಾಠ ಮಾಡಿಸಿದಳು. ಮಗನು ದೇವರ ವಾಕ್ಯವನ್ನು ಸಾರುವ ಸೇವಕನಾಗಬೇಕೆಂಬದೇ ಅವಳ ಆಶೆಯಾಗಿತ್ತು. ಆದರೆ ೧೭೩೨ರಲ್ಲಿ, ಹುಡುಗನಿಗೆ ಏಳು ವರುಷ ತುಂಬುವದಕ್ಕೆ ಕೆಲವೇ ದಿವಸಗಳು ಉಳಿದಿರುವಾಗ, ಅವಳು ಕ್ಷಯರೋಗದಿಂದ ತೀರಿಹೋದಳು. ತಾನು ಬಿತ್ತಿದ ಬೀಜದ ಒಂದು ಗರಿಯನ್ನಾದರೂ ಅವಳು ಕಣ್ಣಾರೆ ಕಾಣಲಿಲ್ಲ. ದೀಪದ ಬೆಳಕಿನಲ್ಲಿ ಮಕ್ಕಳಿಗೆ ವಾಕ್ಯ ಹೇಳಿಕೊಡುವ ತಾಯಂದಿರು ಈ ಮಾತನ್ನು ನೆನಪಿನಲ್ಲಿಡಲಿ. ಬಿತ್ತಿದವಳು ಸತ್ತಳು, ಬೀಜವು ಸಾಯಲಿಲ್ಲ.

ತಾಯಿ ಹೋದ ಮೇಲೆ ಹುಡುಗನನ್ನು ತಿದ್ದುವವರು ಇಲ್ಲದೆ ಹೋದರು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯು ಅವನನ್ನು ಹಡಗಿಗೆ ಕರೆದುಕೊಂಡು ಹೋದನು. ನಾವಿಕರ ಸಹವಾಸದಲ್ಲಿ ಆಣೆಯಿಡುವದನ್ನೂ ದೂಷಿಸುವದನ್ನೂ ಕಲಿತನು. ಆದರೂ ಮನಸ್ಸಾಕ್ಷಿಯು ಆಗಾಗ್ಗೆ ಅವನನ್ನು ಚುಚ್ಚುತ್ತಿದ್ದದರಿಂದ, ಹದಿನಾರು ವರುಷದೊಳಗೆ ಮೂರು ನಾಲ್ಕು ಸಾರಿ ಭಕ್ತನಾಗಬೇಕೆಂದು ನಿರ್ಣಯ ಮಾಡಿಕೊಂಡನು. ಕಡೇ ಸಾರಿಯಂತೂ ಎರಡು ವರುಷಗಳಿಗಿಂತ ಹೆಚ್ಚು ಕಾಲ ಬಹು ಕಠಿಣವಾಗಿ ನಡೆದುಕೊಂಡನು. ಉಪವಾಸ ಮಾಡಿದನು, ತಿಂಗಳುಗಟ್ಟಲೆ ಮಾಂಸವನ್ನು ಮುಟ್ಟಲಿಲ್ಲ, ಬಾಯಿ ತಪ್ಪೀತೆಂದು ಮಾತನ್ನೇ ಕಡಿಮೆ ಮಾಡಿದನು. ನೋಡುವವರಿಗೆ ಅದು ದೊಡ್ಡ ಬೆಳವಣಿಗೆಯೆಂದು ತೋರಿದ್ದೀತು. ಆದರೆ ಅದು ತನ್ನ ಕೈಯಿಂದ ತಾನೇ ಎಳೆದು ಉದ್ದ ಮಾಡಿದ ಪೈರು. ಅದಕ್ಕೆ ಬೇರು ಇರಲಿಲ್ಲ. ದೇವಭಕ್ತಿಯನ್ನು ಹಾಸ್ಯಮಾಡುವ ಒಂದು ಪುಸ್ತಕವು ಅವನ ಕೈಗೆ ಸಿಕ್ಕಿ, ಅದನ್ನು ಓದುತ್ತಾ ಓದುತ್ತಾ ಅವನ ಭಕ್ತಿಯೆಲ್ಲಾ ಬಿಸಿಲಿಗೆ ಬಾಡಿದ ಸಸಿಯಂತೆ ಒಣಗಿಹೋಯಿತು.

೧೭೪೨ರ ಅಂತ್ಯದಲ್ಲಿ ಅವನು ಕೆಂಟ್ ಸೀಮೆಯ ಚಾಥಮ್ ಊರಿಗೆ ಹೋಗಿ, ತನ್ನ ತಾಯಿಯ ಸ್ನೇಹಿತರಾದ ಕ್ಯಾಟ್ಲೆಟ್ ಎಂಬವರ ಮನೆಯಲ್ಲಿ ಅವರ ಮಗಳಾದ ಮೇರಿಯನ್ನು ಕಂಡನು. ಅಂದಿನಿಂದ ಅವಳ ಮೇಲಿನ ಪ್ರೀತಿಯು ಅವನನ್ನು ಬಿಡಲಿಲ್ಲ. ದೇವರ ಭಯವನ್ನು ಕಳಕೊಂಡವನಿಗೆ ಆ ಪ್ರೀತಿಯೊಂದೇ ಕಡಿವಾಣದಂತಿತ್ತು. ೧೭೪೪ರಲ್ಲಿ ಅರಸನ ಯುದ್ಧದ ಹಡಗಿಗೆ ಜನರನ್ನು ಬಲಾತ್ಕಾರವಾಗಿ ಹಿಡಿಯುವವರು ಅವನನ್ನೂ ಹಿಡಿದು ಹಾರ್ವಿಚ್ ಎಂಬ ಹಡಗಿಗೆ ಸೇರಿಸಿದರು. ಅಲ್ಲಿಂದ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು, ಎಲ್ಲರ ಮುಂದೆ ಚಾವಟಿಯ ಏಟುಗಳನ್ನು ತಿಂದು, ಇದ್ದ ಪದವಿಯನ್ನು ಕಳಕೊಂಡನು. ತರುವಾಯ ಮದೀರಾ ದ್ವೀಪದ ಬಳಿಯಲ್ಲಿ, ಆಫ್ರಿಕದ ಪಶ್ಚಿಮ ಕರಾವಳಿಗೆ ಗುಲಾಮರ ವ್ಯಾಪಾರಕ್ಕಾಗಿ ಹೋಗುತ್ತಿದ್ದ ಹಡಗಿಗೆ ಬದಲಿಯಾಗಿ ಹೋದನು.

ಆ ಕಾಲದಲ್ಲಿ ಯೂರೋಪಿನ ವರ್ತಕರು ಆಫ್ರಿಕದ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂಡು, ಸಂಕೋಲೆ ಹಾಕಿ, ಹಡಗಿನ ತಳದಲ್ಲಿ ತುಂಬಿ, ಸಮುದ್ರದ ಆಚೆಯಲ್ಲಿದ್ದ ಅಮೆರಿಕದ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳ ತೋಟಗಳಿಗೆ ದನಗಳಂತೆ ಮಾರುತ್ತಿದ್ದರು. ನ್ಯೂಟನನು ಸಿಯೆರಾ ಲಿಯೋನಿನ ಬಳಿಯಲ್ಲಿರುವ ಪ್ಲಾಂಟೇನ್ ದ್ವೀಪಗಳಲ್ಲಿ ಇಂಥ ಒಬ್ಬ ವ್ಯಾಪಾರಿಯ ಕೆಳಗೆ ಕೆಲಸಕ್ಕೆ ಸೇರಿದನು. ಅಲ್ಲಿ ಅವನು ಜ್ವರದಿಂದ ಮಲಗಿರುವಾಗ ವ್ಯಾಪಾರಿಯ ಮನೆಯಾಕೆಯು ಕುಡಿಯುವ ನೀರನ್ನು ಸಹ ಸರಿಯಾಗಿ ಕೊಡಲಿಲ್ಲ; ತನ್ನ ಎಂಜಲನ್ನು ಕೊಟ್ಟು ಹಾಸ್ಯ ಮಾಡಿದಳು. ಮುಂದೆ ವ್ಯಾಪಾರಿಯು ಅವನ ಮೇಲೆ ಕಳ್ಳತನದ ಸುಳ್ಳು ಅಪವಾದವನ್ನು ನಂಬಿ ಅವನನ್ನು ಹಡಗಿಗೆ ಕಟ್ಟಿಹಾಕಿ, ಮಳೆಯಲ್ಲಿಯೂ ಗಾಳಿಯಲ್ಲಿಯೂ ಬಿಟ್ಟನು. ಆ ಹಸಿವಿನ ದಿವಸಗಳಲ್ಲಿ ಅವನಿಗೆ ಕನಿಕರ ತೋರಿಸಿದವರು ಯಾರು? ಸಂಕೋಲೆಯಲ್ಲಿದ್ದ ಗುಲಾಮರೇ ತಮಗೆ ಸಿಕ್ಕುತ್ತಿದ್ದ ಅಲ್ಪ ಆಹಾರದಲ್ಲಿ ಒಂದು ಪಾಲನ್ನು ಗುಟ್ಟಾಗಿ ತಂದು ಅವನಿಗೆ ಕೊಟ್ಟರು. ಈ ಸಂಗತಿಯನ್ನು ವಾಚಕರು ಮರೆಯಬಾರದು. ನಾವು ಇದಕ್ಕೆ ತಿರುಗಿ ಬರುವೆವು.

ಇತ್ತ ತಂದೆಯು ಮಗನ ಸುದ್ದಿ ಕೇಳಿ, ಗ್ರೇಹೌಂಡ್ ಎಂಬ ಹಡಗಿನ ಯಜಮಾನನಿಗೆ ಅವನನ್ನು ಹುಡುಕಿ ತರಬೇಕೆಂದು ಹೇಳಿ ಕಳುಹಿಸಿದನು. ೧೭೪೭ರಲ್ಲಿ ಆ ಹಡಗು ಅವನನ್ನು ಕರಾವಳಿಯಲ್ಲಿ ಕಂಡು ಹತ್ತಿಸಿಕೊಂಡಿತು. ಅದರಲ್ಲಿ ದಂತ, ಜೇನುಮೇಣ, ಬಣ್ಣ ತೆಗೆಯುವ ಮರ ಮುಂತಾದ ಸರಕು ತುಂಬಿತ್ತು. ದಾರಿಯಲ್ಲೆಲ್ಲಾ ಅವನ ದೂಷಣೆಯ ಮಾತುಗಳು ಎಷ್ಟು ಘೋರವಾಗಿದ್ದವೆಂದರೆ, ಹಡಗಿನ ಯಜಮಾನನೇ ಬೆದರಿ ಅವನನ್ನು ಗದರಿಸುತ್ತಿದ್ದನು.

೧೭೪೮ನೇ ಇಸವಿಯ ಮಾರ್ಚ್ ೨೧ನೇ ತಾರೀಖು, ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ, ರಾತ್ರಿ ಹೊತ್ತಿನಲ್ಲಿ ಭಯಂಕರವಾದ ಬಿರುಗಾಳಿ ಎದ್ದಿತು. ನಿದ್ದೆಯಿಂದ ಎದ್ದ ನ್ಯೂಟನನು ಮೇಲಕ್ಕೆ ಹತ್ತುತ್ತಿರುವಾಗ ಯಜಮಾನನು ಒಂದು ಚೂರಿಯನ್ನು ತರಹೇಳಿದನು. ಅವನು ಹಿಂದಿರುಗಿದ ಆ ಕ್ಷಣದಲ್ಲಿ ಅವನ ಬದಲಾಗಿ ಮೇಲೆ ಹೋದ ಇನ್ನೊಬ್ಬನನ್ನು ತೆರೆಯು ಎಳೆದುಕೊಂಡು ಹೋಯಿತು. ಹಡಗಿನ ಒಂದು ಪಕ್ಕದ ಹಲಗೆಗಳು ಒಡೆದು ನೀರು ಒಳಗೆ ನುಗ್ಗಿತು. ಜೇನುಮೇಣವೂ ಮರವೂ ನೀರಿಗಿಂತ ಹಗುರವಾಗಿದ್ದುದರಿಂದ ಮಾತ್ರವೇ ಹಡಗು ಮುಳುಗದೆ ತೇಲುತ್ತಿತ್ತು. ನ್ಯೂಟನನು ಬೆಳಗಿನ ಜಾವದಿಂದ ಮಧ್ಯಾಹ್ನದ ವರೆಗೆ ಪಂಪು ಹೊಡೆದನು. ಆಯಾಸಪಟ್ಟು ಬಂದವನ ಬಾಯಿಂದ ತಾನೇ ತಿಳಿಯದೆ, ಕರ್ತನು ಕರುಣಿಸಬೇಕು ಎಂಬ ಅರ್ಥದ ಒಂದು ಮಾತು ಹೊರಟಿತು. ಕೂಡಲೇ ಅವನು ಬೆಚ್ಚಿಬಿದ್ದನು. ತನ್ನಂಥವನಿಗೆ ಕರುಣೆ ಎಲ್ಲಿಂದ ಬಂದೀತು ಎಂದು ಯೋಚಿಸಿದನು. ಆ ಮಧ್ಯಾಹ್ನದಿಂದ ನಡುರಾತ್ರಿಯ ವರೆಗೆ ಚುಕ್ಕಾಣಿಯನ್ನು ಹಿಡಿದು ನಿಂತಿರುವಾಗ, ತಾಯಿ ಕಲಿಸಿದ ವಾಕ್ಯಗಳು ಒಂದೊಂದಾಗಿ ಅವನ ನೆನಪಿಗೆ ಬಂದವು. ಹದಿನೈದು ವರುಷಗಳಿಗಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಹುದುಗಿದ್ದ ಬೀಜವು ಆ ರಾತ್ರಿ ಒಡೆಯಿತು.

ಒಡೆದ ಹಡಗಿನಲ್ಲಿ ಸುಮಾರು ನಾಲ್ಕು ವಾರಗಳ ಕಾಲ ಹಸಿವಿನಿಂದಲೂ ಚಳಿಯಿಂದಲೂ ಕಷ್ಟಪಡುತ್ತಾ ಅವರು ತೇಲಿದರು. ಆ ದಿವಸಗಳಲ್ಲಿ ಅವನು ಹೊಸ ಒಡಂಬಡಿಕೆಯನ್ನು ತೆರೆದು ಓದಿದನು. ಫಲ ಕೊಡದ ಅಂಜೂರದ ಮರಕ್ಕೋಸ್ಕರ ತೋಟಗಾರನು ಇನ್ನೊಂದು ವರುಷವನ್ನು ಬೇಡಿಕೊಂಡ ಸಾಮ್ಯವೂ, ತಪ್ಪಿಹೋದ ಮಗನ ಸಾಮ್ಯವೂ ತನಗಾಗಿಯೇ ಬರೆದವುಗಳೆಂದು ಅವನಿಗೆ ತೋರಿತು. ಏಪ್ರಿಲ್ ತಿಂಗಳಲ್ಲಿ ಅವರು ಐರ್ಲೆಂಡಿನ ತೀರವನ್ನು ಸೇರಿದಾಗ ಕಡೇ ಆಹಾರವು ಪಾತ್ರೆಯಲ್ಲಿ ಬೇಯುತ್ತಿತ್ತು. ಮುಂದೆ ಜೀವಮಾನದುದ್ದಕ್ಕೂ ಮಾರ್ಚ್ ೨೧ನ್ನು ಅವನು ಕೃತಜ್ಞತೆಯ ದಿವಸವಾಗಿ ಆಚರಿಸಿದನು.

ಪ್ರಿಯರೇ, ಅನೇಕರು ನ್ಯೂಟನನ ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿ, ದುಷ್ಟನು ಒಂದೇ ರಾತ್ರಿಯಲ್ಲಿ ಪರಿಶುದ್ಧನಾದನೆಂದು ಹೇಳಿಬಿಡುತ್ತಾರೆ. ಅದು ನಿಜವಲ್ಲ, ನ್ಯೂಟನನು ತಾನೂ ಹಾಗೆ ಹೇಳಿಕೊಳ್ಳಲಿಲ್ಲ. ಆ ದಿವಸದಿಂದ ಆಣೆಯಿಡುವದನ್ನು ಬಿಟ್ಟದ್ದು ನಿಜ. ದೇವರಿದ್ದಾನೆ, ಪ್ರಾರ್ಥನೆಯನ್ನು ಕೇಳುತ್ತಾನೆ ಎಂದು ನಂಬಿದ್ದೂ ನಿಜ. ಆದರೆ ಪೂರ್ಣವಾದ ಅರ್ಥದಲ್ಲಿ ತಾನು ವಿಶ್ವಾಸಿಯಾದದ್ದು ಅದಕ್ಕೆ ಬಹು ಕಾಲದ ಮೇಲೆಯೇ ಎಂದು ಅವನು ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಆ ವರುಷವೇ ಅವನು ಬೇರೊಂದು ಹಡಗಿನಲ್ಲಿ ಆಫ್ರಿಕಕ್ಕೆ ಹೋಗಿ, ಕರಾವಳಿಯನ್ನು ಮುಟ್ಟುತ್ತಲೇ ಹಳೆಯ ಪಾಪಗಳಿಗೆ ತಿರುಗಿ ಬಿದ್ದನು. ತಾನು ಹಿಂದೆ ಹಸಿದಿದ್ದ ಆ ಪ್ಲಾಂಟೇನ್ ದ್ವೀಪದಲ್ಲಿಯೇ ಜ್ವರವು ಅವನನ್ನು ಕೆಡವಿತು. ಆಗ ಬಲಹೀನನಾಗಿ ಎದ್ದು ಒಂದು ಏಕಾಂತ ಸ್ಥಳಕ್ಕೆ ಹೋಗಿ, ಈ ಸಾರಿ ಯಾವ ಪ್ರತಿಜ್ಞೆಯನ್ನೂ ಮಾಡದೆ, ತನ್ನನ್ನು ದೇವರಿಗೆ ಒಪ್ಪಿಸಿಬಿಟ್ಟನು. ಗರಿಯು ಮುರಿದಿತ್ತು, ಬೇರು ಉಳಿದಿತ್ತು.

ಈಗ ಹೇಳಬೇಕಾದದ್ದು ಬಹು ದುಃಖಕರವಾದದ್ದು. ೧೭೫೦ರಲ್ಲಿ ಮೇರಿಯನ್ನು ಮದುವೆಯಾದ ಮೇಲೆ, ೧೭೫೪ರ ವರೆಗೆ ನ್ಯೂಟನನು ಗುಲಾಮರ ಹಡಗಿನ ಯಜಮಾನನಾಗಿ ಮೂರು ಸಾರಿ ಪ್ರಯಾಣ ಮಾಡಿದನು. ಪ್ರತಿದಿನ ಸತ್ಯವೇದವನ್ನು ಓದುತ್ತಿದ್ದನು, ಪ್ರಾರ್ಥನೆ ಮಾಡುತ್ತಿದ್ದನು, ಭಾನುವಾರಗಳಲ್ಲಿ ತನ್ನ ನಾವಿಕರನ್ನು ಕೂಡಿಸಿ ಆರಾಧನೆ ನಡಿಸುತ್ತಿದ್ದನು. ಅದೇ ಹೊತ್ತಿನಲ್ಲಿ ಅವನ ಕಾಲುಗಳ ಕೆಳಗೆ, ಹಡಗಿನ ತಳದಲ್ಲಿ, ಮನುಷ್ಯರು ಸಂಕೋಲೆಯಲ್ಲಿ ಬಿದ್ದಿದ್ದರು. ಗುಲಾಮರು ದಂಗೆ ಎದ್ದಾರೆಂಬ ಸಂಶಯ ಬಂದಾಗ ಹುಡುಗರ ಹೆಬ್ಬೆರಳುಗಳಿಗೆ ಹಿಸುಕುವ ತಿರುಪನ್ನು ಹಾಕಿ ವಿಚಾರಣೆ ಮಾಡಿದ್ದನ್ನು ಅವನೇ ತನ್ನ ಹಡಗಿನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಯಾರು ತಮ್ಮ ಹಿಡಿ ಅನ್ನವನ್ನು ಹಂಚಿ ಅವನ ಪ್ರಾಣವನ್ನು ಉಳಿಸಿದರೋ ಅವರ ಜನರನ್ನೇ ಅವನು ಮಾರಿದನು. ಅವನ ಮನಸ್ಸಾಕ್ಷಿಯು ಆಗ ಅವನನ್ನು ಕುಟುಕಲಿಲ್ಲ. ಅದು ಮರ್ಯಾದೆಯುಳ್ಳ ಉದ್ಯೋಗವೆಂದು ದೇಶವೆಲ್ಲಾ ಎಣಿಸುತ್ತಿತ್ತು. ಕಡೆಗೆ ಅವನು ಸಮುದ್ರವನ್ನು ಬಿಟ್ಟದ್ದೂ ಪಶ್ಚಾತ್ತಾಪದಿಂದಲ್ಲ. ೧೭೫೪ರ ನವೆಂಬರಿನಲ್ಲಿ ಹಠಾತ್ತಾಗಿ ಮೂರ್ಛೆಬಿದ್ದದರಿಂದ ವೈದ್ಯರು ಹಡಗಿನ ಕೆಲಸ ಬೇಡವೆಂದರು.

ಇದನ್ನು ನಾವು ಮರೆಮಾಡದೆ ಯಾಕೆ ಬರೆಯುತ್ತೇವೆ? ದೇವರ ಕೃಪೆಯು ಒಬ್ಬನಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದರೂ, ಅವನ ಕಣ್ಣು ಒಂದು ದೊಡ್ಡ ಪಾಪಕ್ಕೆ ಕುರುಡಾಗಿರಬಹುದೆಂದು ತಿಳಿಯುವ ಹಾಗೆ. ಊರೆಲ್ಲಾ ಒಪ್ಪಿಕೊಂಡ ಪಾಪವು ಪಾಪವಾಗಿ ತೋರುವದಿಲ್ಲ. ನಮ್ಮ ಸಭೆಗಳಲ್ಲಿಯೂ ಕರ್ತನ ಮೇಜಿನ ಬಳಿಗೆ ಒಟ್ಟಾಗಿ ಬಂದು, ಮನೆಗೆ ಹೋದ ಮೇಲೆ ಜಾತಿಯನ್ನು ನೋಡಿ ನೀರು ಕೊಡುವವರು ಇಲ್ಲವೋ? ಆರಾಧನೆಯಲ್ಲಿ ಹಾಡಿ, ಆಳಿನ ಕೂಲಿಯನ್ನು ತಡೆದಿಡುವವರು ಇಲ್ಲವೋ? ನ್ಯೂಟನನ ಹಡಗಿನ ತಳವನ್ನು ನೋಡಿ ಹೇಸುವ ನಾವು ನಮ್ಮ ಮನೆಯ ತಳವನ್ನೂ ನೋಡಿಕೊಳ್ಳಬೇಕು.

ದೇವರು ತನ್ನ ಕೆಲಸವನ್ನು ಬಿಡಲಿಲ್ಲ. ಕಡೇ ಪ್ರಯಾಣದಲ್ಲಿ ಸೇಂಟ್ ಕಿಟ್ಸ್ ದ್ವೀಪದಲ್ಲಿ ಅಲೆಕ್ಸಾಂಡರ್ ಕ್ಲೂನಿ ಎಂಬ ಭಕ್ತನಾದ ಹಡಗಿನ ಯಜಮಾನನ ಸ್ನೇಹವು ಅವನಿಗೆ ದೊರಕಿತು. ಸಾಯಂಕಾಲಗಳಲ್ಲಿ ಇಬ್ಬರೂ ಕೂತು ಮಾತಾಡುತ್ತಿರುವಾಗ, ವಿಶ್ವಾಸಿಯನ್ನು ಕಡೆಯ ವರೆಗೆ ಕಾಪಾಡುವದು ಅವನ ಸ್ವಂತ ಬಲವಲ್ಲ, ಕ್ರಿಸ್ತನ ಕೃಪೆಯೇ ಎಂಬದನ್ನು ನ್ಯೂಟನನು ಮೊದಲನೆಯ ಸಾರಿ ಸ್ಪಷ್ಟವಾಗಿ ತಿಳಿದನು. ೧೭೫೫ರಿಂದ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಇಲಾಖೆಯ ಅಧಿಕಾರಿಯಾಗಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. ತಾಯಿಯ ಆಶೆಯು ಈಗ ಅವನ ಆಶೆಯಾಯಿತು. ಆದರೆ ೧೭೫೮ರಲ್ಲಿ ಬೋಧಕನಾಗಬೇಕೆಂದು ಕೇಳಿಕೊಂಡಾಗ ಸಭೆಯ ಹಿರಿಯರು ಒಪ್ಪಲಿಲ್ಲ. ಅವನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ಆರು ವರುಷ ಕಾದನು. ೧೭೬೪ರಲ್ಲಿ ಡಾರ್ಟ್‌ಮತ್ ಪ್ರಭುವಿನ ಸಹಾಯದಿಂದ ಹಸ್ತಾರ್ಪಣೆಯನ್ನು ಹೊಂದಿ, ಬಕಿಂಗಹ್ಯಾಮ್ ಸೀಮೆಯ ಓಲ್ನಿ ಎಂಬ ಊರಿನ ಸಭೆಗೆ ಬೋಧಕನಾಗಿ ಬಂದನು. ಇನ್ನು ಮೇಲೆ ನಾವು ಅವರನ್ನು ನ್ಯೂಟನ್ ಅಯ್ಯನವರೆಂದು ಕರೆಯುವೆವು.

ಓಲ್ನಿ ಬಡವರ ಊರು. ಅಲ್ಲಿಯ ಹೆಂಗಸರೂ ಮಕ್ಕಳೂ ದಿನವೆಲ್ಲಾ ಕಣ್ಣು ನೋಯುವ ತನಕ ಕೂತು ನೂಲಿನಿಂದ ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಅಯ್ಯನವರು ಅವರ ಗುಡಿಸಲುಗಳಿಗೆ ಹೋಗಿ ಕಷ್ಟಸುಖಗಳನ್ನು ವಿಚಾರಿಸಿದರು. ಮಕ್ಕಳನ್ನು ವಾರಕ್ಕೊಮ್ಮೆ ಕೂಡಿಸಿ ಸತ್ಯವೇದವನ್ನು ಕಲಿಸಿದರು. ಬರುವ ಜನರಿಗೆ ಸ್ಥಳ ಸಾಲದೆ ದೇವಾಲಯದೊಳಗೆ ಅಟ್ಟವನ್ನು ಕಟ್ಟಬೇಕಾಯಿತು. ಜಾನ್ ಥಾರ್ನ್‌ಟನ್ ಎಂಬ ಧನಿಕ ವರ್ತಕನು ಬಡವರಿಗೂ ಅತಿಥಿಗಳಿಗೂ ಉಪಯೋಗಿಸಲು ವರುಷಕ್ಕೆ ೨೦೦ ಪೌಂಡುಗಳನ್ನು ಅವರ ಕೈಗೆ ಕೊಡುತ್ತಿದ್ದನು. ಓದು ಬಾರದವರೂ ನೆನಪಿನಲ್ಲಿಡುವಂತೆ ಅವರು ಸುಲಭವಾದ ಮಾತುಗಳಲ್ಲಿ ಕೀರ್ತನೆಗಳನ್ನು ರಚಿಸಿದರು. ೧೭೭೩ರ ಜನವರಿ ೧ರ ಪ್ರಸಂಗಕ್ಕಾಗಿ ಬರೆದ ಒಂದು ಕೀರ್ತನೆಯು, ದೇವರ ಆಶ್ಚರ್ಯವಾದ ಕೃಪೆಯನ್ನು ಕುರಿತದ್ದು, ಇಂದು ಲೋಕದ ಅನೇಕ ದೇಶಗಳ ಸಭೆಗಳಲ್ಲಿ ಹಾಡಲ್ಪಡುತ್ತದೆ. ೧೭೭೯ರಲ್ಲಿ ಅಚ್ಚಾದ ಓಲ್ನಿ ಕೀರ್ತನೆಗಳೆಂಬ ಪುಸ್ತಕದಲ್ಲಿ ೩೪೮ ಕೀರ್ತನೆಗಳಿವೆ. ಅವುಗಳಲ್ಲಿ ಹೆಚ್ಚಿನವು ಅಯ್ಯನವರವು.

ಇದೇ ಊರಿನಲ್ಲಿ ಅವರು ಆತ್ಮದ ಬೆಳವಣಿಗೆಯನ್ನು ಕುರಿತು ಮೂರು ಕಾಗದಗಳನ್ನು ಬರೆದರು. ೧೭೭೪ರಲ್ಲಿ ಅವು ಪುಸ್ತಕವಾಗಿ ಬಂದ ಅವರ ಕಾಗದಗಳೊಳಗೆ ಸೇರಿವೆ. ಅವುಗಳಿಗೆ ಆಧಾರವು ನಾವು ಆರಂಭದಲ್ಲಿ ಹೇಳಿದ ಮಾರ್ಕನ ಸುವಾರ್ತೆಯ ಸಾಮ್ಯವೇ. ಅವುಗಳ ಸಾರವನ್ನು ನಮ್ಮ ಮಾತುಗಳಲ್ಲಿ ಹೇಳುತ್ತೇವೆ. ಗರಿಯ ಕಾಲದಲ್ಲಿರುವ ವಿಶ್ವಾಸಿಯು ಕೆಂಪು ಸಮುದ್ರವನ್ನು ಈಗತಾನೇ ದಾಟಿದ ಇಸ್ರಾಯೇಲ್ಯರ ಹಾಗೆ. ಅವನಿಗೆ ಉತ್ಸಾಹ ಬಹಳ, ಅನುಭವ ಕಡಿಮೆ; ಸಂತೋಷವಿದ್ದರೆ ದೇವರು ಹತ್ತಿರವಿದ್ದಾನೆಂದೂ ಇಲ್ಲದಿದ್ದರೆ ಕೈಬಿಟ್ಟನೆಂದೂ ಎಣಿಸುತ್ತಾನೆ; ಇತರರನ್ನು ಕಠಿಣವಾಗಿ ತೀರ್ಪು ಮಾಡುತ್ತಾನೆ. ತೆನೆಯ ಕಾಲದಲ್ಲಿರುವವನು ಹೋರಾಟದಲ್ಲಿರುತ್ತಾನೆ. ಅರಣ್ಯ ಪ್ರಯಾಣದಲ್ಲಿ ದೇವರು ಅವನಿಗೆ ಅವನ ಹೃದಯದ ಮೋಸವನ್ನು ತೋರಿಸುತ್ತಾನೆ. ತಾನು ಹಿಂದಕ್ಕೆ ಹೋಗುತ್ತಿದ್ದೇನೆಂದು ಅವನು ನೆನಸುತ್ತಾನೆ. ನಿಜವಾಗಿ ಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಕಾಳು ತುಂಬಿದ ಕಾಲದಲ್ಲಿರುವವನಿಗೆ ಸ್ವಂತ ಬಲವು ಮೊದಲಿನವರಿಗಿಂತ ಹೆಚ್ಚಾಗಿರುವದಿಲ್ಲ. ತನ್ನಲ್ಲಿ ಬಲವೇ ಇಲ್ಲವೆಂಬದನ್ನು ಅವನು ಚೆನ್ನಾಗಿ ಅರಿತಿರುವದರಿಂದ ಕ್ರಿಸ್ತನನ್ನು ಬಿಗಿಯಾಗಿ ಹಿಡಿದಿರುತ್ತಾನೆ, ಬಿದ್ದವರ ಮೇಲೆ ಕನಿಕರಪಡುತ್ತಾನೆ. ತುಂಬಿದ ತೆನೆ ಬಾಗುವದನ್ನು ಹೊಲದವರಾದ ನಾವು ಬಲ್ಲೆವಲ್ಲವೇ?

ಆದರೆ ಬೆಳೆಸುವದು ತಮ್ಮ ಕೈಯಲ್ಲಿಲ್ಲವೆಂಬ ಪಾಠವನ್ನು ಅಯ್ಯನವರು ಕಷ್ಟದಿಂದಲೇ ಕಲಿತರು. ಅವರ ಆಪ್ತ ಸ್ನೇಹಿತನಾದ ವಿಲಿಯಂ ಕೂಪರ್ ಎಂಬ ಕವಿಯು ೧೭೬೭ರಲ್ಲಿ ಓಲ್ನಿಗೆ ಬಂದು ನೆಲಸಿ, ಅವರ ಜೊತೆಯಲ್ಲಿ ರೋಗಿಗಳನ್ನು ಸಂಧಿಸುತ್ತಾ ಕೀರ್ತನೆಗಳನ್ನು ಬರೆಯುತ್ತಾ ಇದ್ದನು. ೧೭೭೩ರಲ್ಲಿ ಅವನಿಗೆ ಘೋರವಾದ ಮನೋವ್ಯಾಧಿ ತಿರುಗಿ ಬಂತು. ದೇವರು ತನ್ನನ್ನು ತಳ್ಳಿಬಿಟ್ಟನೆಂಬ ಭಯವು ಅವನನ್ನು ಹಿಡಿಯಿತು. ಅಯ್ಯನವರೂ ಮೇರಿಯಮ್ಮನವರೂ ಅವನನ್ನು ತಮ್ಮ ಮನೆಯಲ್ಲಿ ಒಂದು ವರುಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು, ರಾತ್ರಿ ಹಗಲು ಕಾದರು. ಎಷ್ಟು ಪ್ರಾರ್ಥಿಸಿದರೂ ಆ ಕತ್ತಲು ಪೂರ್ಣವಾಗಿ ನೀಗಲಿಲ್ಲ. ೧೮೦೦ರಲ್ಲಿ ಕೂಪರನು ಸಾಯುವ ವರೆಗೆ ಅದು ಅವನನ್ನು ಬಿಡಲಿಲ್ಲ. ಅಯ್ಯನವರು ಅವನನ್ನು ಅವಿಶ್ವಾಸಿಯೆಂದು ಗದರಿಸಲೂ ಇಲ್ಲ, ಅವನ ಸ್ನೇಹವನ್ನು ಬಿಡಲೂ ಇಲ್ಲ. ನಾವು ಮಳೆಯನ್ನು ಸುರಿಸಲಾರೆವು. ಪೈರಿನ ಬಳಿಯಲ್ಲಿ ಕಾವಲಿರಬಹುದು.

೧೭೮೦ರಲ್ಲಿ ಅಯ್ಯನವರು ಲಂಡನಿನ ಸೇಂಟ್ ಮೇರಿ ವುಲ್ನೋತ್ ದೇವಾಲಯಕ್ಕೆ ಹೋದರು. ೧೭೮೫ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಪಾರ್ಲಿಮೆಂಟಿನ ತರುಣ ಸದಸ್ಯನು ಗುಟ್ಟಾಗಿ ಅವರನ್ನು ನೋಡಲು ಬಂದನು. ಅವನು ಹೊಸದಾಗಿ ಮಾನಸಾಂತರ ಹೊಂದಿದವನು. ರಾಜಕಾರ್ಯವನ್ನು ಬಿಟ್ಟುಬಿಡಬೇಕೋ ಎಂದು ತಳಮಳದಲ್ಲಿದ್ದನು. ಅಯ್ಯನವರು ಅವನಿಗೆ, ದೇವರು ಇಟ್ಟ ಸ್ಥಳದಲ್ಲಿಯೇ ಇದ್ದು ದೇವರಿಗಾಗಿ ಕೆಲಸಮಾಡಬೇಕೆಂದು ಬುದ್ಧಿ ಹೇಳಿದರು. ಆ ತರುಣನೇ ೧೭೮೭ರಿಂದ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಹೋರಾಟಕ್ಕೆ ಪಾರ್ಲಿಮೆಂಟಿನಲ್ಲಿ ಮುಂದಾಳಾದನು.

ಆಗ ಅಯ್ಯನವರ ಹೊಲದ ಕಡೇ ತೆನೆಯು ಮಾಗಿತು. ೧೭೮೮ರಲ್ಲಿ, ಬಿರುಗಾಳಿಯ ರಾತ್ರಿಯಿಂದ ೪೦ ವರುಷಗಳಾದ ಮೇಲೆ, ಗುಲಾಮರ ವ್ಯಾಪಾರದ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿದರು. ಅದರಲ್ಲಿ ಬೇರೆಯವರನ್ನು ದೂರುವದಕ್ಕಿಂತ ಮೊದಲು ತಮ್ಮ ತಪ್ಪನ್ನೇ ಒಪ್ಪಿಕೊಂಡರು. ಈ ಅರಿಕೆಯು ಬಹು ತಡವಾಗಿ ಬಂತೆಂದೂ, ತಾವು ಇಂಥ ಕೆಲಸದಲ್ಲಿ ಕೈಯಿಟ್ಟದ್ದು ಸಾಯುವ ತನಕ ತಮ್ಮನ್ನು ನಾಚಿಸುವದೆಂದೂ ತಿಳಿಸಿದರು. ಹಡಗಿನ ತಳದಲ್ಲಿ ಸತ್ತವನೂ ಬದುಕಿದವನೂ ಒಂದೇ ಸಂಕೋಲೆಯಲ್ಲಿ ಬೆಳಗಾಗುವ ವರೆಗೆ ಬಿದ್ದಿರುವದನ್ನು ಮರೆಮಾಡದೆ ಬರೆದರು. ಅರಸನ ಮಂತ್ರಾಲೋಚನೆಯ ಸಭೆಯ ಮುಂದೆಯೂ ಪಾರ್ಲಿಮೆಂಟಿನ ವಿಚಾರಣೆಯ ಮುಂದೆಯೂ ನಿಂತು ಸಾಕ್ಷಿ ಹೇಳಿದರು. ವ್ಯಾಪಾರದ ಪರವಾಗಿ ಮಾತಾಡುವವರು ಅವರನ್ನು ತಿಳಿಯದವನೆಂದು ತಳ್ಳಿಹಾಕಲಾರದೆ ಹೋದರು, ಯಾಕಂದರೆ ಅವರು ಕೇಳಿದ್ದನ್ನಲ್ಲ, ಮಾಡಿದ್ದನ್ನು ಹೇಳಿದರು. ಒಂದು ಕಾಲದಲ್ಲಿ ಹಿಡಿ ಅನ್ನ ಕೊಟ್ಟವರ ಸಾಲವನ್ನು ತೀರಿಸುವದು ಯಾರಿಂದಾದೀತು? ಆದರೂ ಅವರ ಪರವಾಗಿ ಆ ಬಾಯಿ ಕಡೆಗೂ ತೆರೆಯಿತು.

೧೭೯೦ರ ಡಿಸೆಂಬರಿನಲ್ಲ್ಲಿ ಮೇರಿಯಮ್ಮನವರು ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಅವರ ಮೇಲಿನ ಅಯ್ಯನವರ ಪ್ರೀತಿಯು ವಿಗ್ರಹದಷ್ಟು ದೊಡ್ಡದಾಗಿತ್ತೆಂದು ಅವರೇ ಭಯಪಡುತ್ತಿದ್ದರು. ಆದರೂ ದೇವರು ಅವರನ್ನು ನಿಲ್ಲಿಸಿದನು, ಅವರೇ ಹೆಂಡತಿಯ ಅಂತ್ಯಕ್ರಿಯೆಯ ಪ್ರಸಂಗವನ್ನು ಮಾಡಿದರು. ಆ ವರುಷಗಳಲ್ಲಿ ಅವರ ಪ್ರಸಂಗದಿಂದ ಎಚ್ಚರಗೊಂಡವರಲ್ಲಿ ಕ್ಲಾಡಿಯಸ್ ಬುಕಾನನ್ ಒಬ್ಬನು. ಅವನು ೧೭೯೭ರಲ್ಲಿ ನಮ್ಮ ಭಾರತ ದೇಶಕ್ಕೆ ಪಾದ್ರಿಯಾಗಿ ಬಂದು, ೧೮೦೬ರಲ್ಲಿ ಮಲಯಾಳ ಸೀಮೆಯ ಸುರಿಯಾನಿ ಸಭೆಗಳನ್ನು ಸಂಧಿಸಿ, ಅವರ ಭಾಷೆಯಲ್ಲಿ ಸುವಾರ್ತೆಗಳು ಅಚ್ಚಾಗಲು ಸಹಾಯಮಾಡಿದನು. ಹೀಗೆ ವಾಪಿಂಗಿನಲ್ಲಿ ಒಬ್ಬ ತಾಯಿ ಬಿತ್ತಿದ್ದರ ಕಾಳು ನಮ್ಮ ನೆರೆಸೀಮೆಗೂ ಬಂದು ಬಿತ್ತು.

ಕಣ್ಣುಗಳು ಮಬ್ಬಾಗಿ ಜ್ಞಾಪಕಶಕ್ತಿ ಕುಂದಿದರೂ ೧೮೦೬ರ ವರೆಗೆ ಅಯ್ಯನವರು ಪ್ರಸಂಗ ಮಾಡುವದನ್ನು ಬಿಡಲಿಲ್ಲ. ಎಷ್ಟೋ ಸಂಗತಿಗಳು ಮರೆತುಹೋದರೂ ತಮ್ಮ ಪಾಪದ ದೊಡ್ಡತನವೂ ರಕ್ಷಕನ ದೊಡ್ಡತನವೂ ಅವರಿಗೆ ಮರೆಯಲಿಲ್ಲ. ೧೮೦೭ರ ಮಾರ್ಚ್ ೨೫ರಲ್ಲಿ ಬ್ರಿಟಿಷ್ ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಕಾನೂನು ಆಯಿತು. ಅದೇ ವರುಷದ ಡಿಸೆಂಬರ್ ೨೧ರಲ್ಲಿ, ೮೨ನೆಯ ವಯಸ್ಸಿನಲ್ಲಿ, ಅವರು ಕರ್ತನಲ್ಲಿ ನಿದ್ರೆ ಹೋದರು. ೧೮೯೩ರಲ್ಲಿ ಅವರ ಮತ್ತು ಮೇರಿಯಮ್ಮನವರ ಅವಶೇಷಗಳನ್ನು ಓಲ್ನಿಗೆ ತಂದು ಸಮಾಧಿ ಮಾಡಿದರು. ತಮ್ಮ ಸ್ಮಾರಕದ ಕಲ್ಲಿನ ಮೇಲೆ ಕೆತ್ತಬೇಕಾದ ಮಾತುಗಳನ್ನು ಅವರೇ ಬರೆದಿಟ್ಟಿದ್ದರು. ಅದರಲ್ಲಿ ತಾನು ನಾಸ್ತಿಕನೂ ದುರಾಚಾರಿಯೂ ಆಗಿದ್ದುದನ್ನು ಮುಚ್ಚದೆ, ಉಳಿದದ್ದೆಲ್ಲವನ್ನೂ ಕ್ರಿಸ್ತನ ಕನಿಕರಕ್ಕೆ ಸಲ್ಲಿಸಿದ್ದಾರೆ.

ಪ್ರಿಯ ವಾಚಕರೇ, ತನ್ನಲ್ಲಿ ಬೆಳವಣಿಗೆಯೇ ಇಲ್ಲವೆಂದು ಅಳುವವನಿಗೆ ಈ ಚರಿತ್ರೆಯು ಧೈರ್ಯ ಹೇಳಲಿ. ತನ್ನ ಪಾಪವನ್ನು ಕಂಡು ಅಳುವದೇ ಜೀವವಿರುವ ಗುರುತು; ಒಣಗಿದ ಕಡ್ಡಿಗೆ ನೋವಿಲ್ಲ. ನೆರೆಯವನನ್ನು ತೀರ್ಪು ಮಾಡುವವನಿಗೆ ಅದು ಬುದ್ಧಿ ಹೇಳಲಿ. ೧೭೫೨ರಲ್ಲಿ ಆ ಹಡಗಿನ ಮೇಲೆ ನಿಂತು ನೋಡಿದವನು ನ್ಯೂಟನನನ್ನು ಕಪಟಿಯೆಂದು ಹೇಳಿದ್ದರೆ ತಪ್ಪೇನು ಎಂದು ನಮಗೆ ತೋರೀತು. ಆದರೆ ದೇವರು ಇನ್ನೂ ಕೆಲಸವನ್ನು ಮುಗಿಸಿರಲಿಲ್ಲ.

ಮೂರನೆಯವನಿಗೂ ಒಂದು ಮಾತುಂಟು. ಬೆಳೆಸುವವನು ದೇವರೇ ಆದರೆ ನಾನು ಸುಮ್ಮನಿರಬಹುದು, ಅವನಿಗೆ ಮನಸ್ಸಾದಾಗ ಬದಲಾಗುವೆನು ಎಂದು ಹೇಳುವವನಿದ್ದಾನೆ. ಅಂಥವನು ಹಡಗಿನ ತಳವನ್ನು ನೆನಸಲಿ. ನ್ಯೂಟನನ ಕಣ್ಣು ತೆರೆಯುವ ತನಕ ಬೇರೆಯವರು ಅದರ ಬೆಲೆಯನ್ನು ಸಂಕೋಲೆಯಲ್ಲಿ ತೆತ್ತರು. ಅವರಲ್ಲಿ ಅನೇಕರು ಸಮುದ್ರದ ಪಾಲಾದರು. ನಾವು ತಡಮಾಡಿದರೆ ಅದರ ಬೆಲೆಯನ್ನು ಹೆಂಡತಿಯೋ ಮಕ್ಕಳೋ ಕೂಲಿಯಾಳೋ ತೆರಬೇಕಾಗುವದು. ಬೆಳೆ ದೇವರದೆಂದು ಯಾವ ಬೇಸಾಯಗಾರನೂ ಕಳೆ ಕೀಳುವದನ್ನು ಬಿಡುವದಿಲ್ಲ. ವಾಕ್ಯವನ್ನು ಓದುವದು, ಪ್ರಾರ್ಥಿಸುವದು, ಸಭೆಯಲ್ಲಿ ಕೂಡುವದು, ತೋರಿದ ಪಾಪವನ್ನು ತೋರಿದ ದಿವಸವೇ ಬಿಡುವದು, ಇವು ನಮ್ಮ ಕೆಲಸ. ಕಾಳು ತುಂಬಿಸುವದು ಆತನ ಕೆಲಸ.

ನಮ್ಮಲ್ಲಿ ಒಳ್ಳೇ ಕೆಲಸವನ್ನು ಆರಂಭಿಸಿದ ಕರ್ತನು ನಮ್ಮ ಕಣ್ಣುಗಳನ್ನು ಬೇಗನೆ ತೆರೆದು, ಸುಗ್ಗಿಯ ದಿವಸದಲ್ಲಿ ನಮ್ಮೆಲ್ಲರನ್ನೂ ತುಂಬಿದ ತೆನೆಗಳಾಗಿ ತನ್ನ ಕಣಜಕ್ಕೆ ಸೇರಿಸಿಕೊಳ್ಳಲಿ. ಆಮೆನ್.